ನೀರು ಬಿಟ್ಟು ಏಳದ ಕ್ಯಾಟಲಿನಾ: ಫೋಮ್ ಹಾಳೆಯ ಸೀಪ್ಲೇನ್ ಒಂದರ ಪ್ರಕರಣ ಅಧ್ಯಯನ

ಫೋಮ್ ಹಾಳೆ ಕತ್ತರಿಸಿ ರೇಡಿಯೊ ನಿಯಂತ್ರಿತ ವಿಮಾನ ಕಟ್ಟುವವರಿಗೆ ಒಂದು ಧೈರ್ಯ ಇರುತ್ತದೆ. ರೆಕ್ಕೆ ಸರಿಯಿದ್ದು, ತೂಕ ಸರಿಯಾದ ಜಾಗದಲ್ಲಿ ಕೂತಿದ್ದರೆ, ಕೈಯಿಂದ ಎಸೆದಾದರೂ ಹಾರಿಸಬಹುದು. ನೀರಿನಿಂದ ಏಳಬೇಕಾದ ವಿಮಾನದಲ್ಲಿ ಈ ಧೈರ್ಯ ಕೆಲಸಕ್ಕೆ ಬರುವುದಿಲ್ಲ. ಅದು ಹಾರುವ ಮೊದಲು ಒಳ್ಳೆಯ ದೋಣಿಯಾಗಬೇಕು. ಆಮೇಲೆ ತಾನೇ ದೋಣಿತನ ಬಿಟ್ಟು ನೀರಿನ ಮೇಲೆ ಜಾರಬೇಕು. ಇಲ್ಲಿ ಬರೆಯುತ್ತಿರುವುದು ಗಾಳಿಯಲ್ಲಿ ಚೆನ್ನಾಗಿ ಹಾರಬಲ್ಲ, ಆದರೆ ಬಹಳ ಕಾಲ ನೀರು ಬಿಟ್ಟು ಏಳದ ಒಂದು ಮಾದರಿಯ ಕಥೆ.

ಇದರಲ್ಲಿ ಇಬ್ಬರಿದ್ದಾರೆ. ಒಬ್ಬರು ಐಟಿಐನಲ್ಲಿ ಫಿಟ್ಟರ್ ವಿಭಾಗಕ್ಕೆ ಪಾಠ ಮಾಡಿ ನಿವೃತ್ತರಾದವರು. ಅವರನ್ನು ಇಲ್ಲಿ ಮೇಷ್ಟ್ರು ಅನ್ನುತ್ತೇನೆ. ಇನ್ನೊಬ್ಬಳು ಅವರ ಅಕ್ಕನ ಮಗಳು, ಪಾಲಿಟೆಕ್ನಿಕ್ ಓದುತ್ತಿರುವ ಹುಡುಗಿ. ಹೆಸರು, ಊರು, ಕೆರೆ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗದಿರಲಿ ಎಂದು ಒಂದೆರಡು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ನಾನು ಜೊತೆಗಿದ್ದು ವಿಡಿಯೊ ತೆಗೆದವನು, ತೂಕ ಮತ್ತು ಅಳತೆ ಬರೆದುಕೊಂಡವನು.

ಯಾಕೆ ಕ್ಯಾಟಲಿನಾ?

ಮೇಷ್ಟ್ರಿಗೆ ಈ ವಿಮಾನದ ಮೇಲೆ ಮೊದಲಿಂದಲೂ ಮನಸ್ಸು. ಅದಕ್ಕೆ ಕಾರಣ ಬೆಂಗಳೂರು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಇಂದಿನ ಎಚ್‌ಎಎಲ್) ಶುರು ಮಾಡಿದರು. 1943ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಆ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. ಅಲ್ಲಿ ಪೂರ್ತಿ ಬಿಚ್ಚಿ ರಿಪೇರಿ ಮಾಡಿದ ಮೊದಲ ವಿಮಾನ ಕನ್ಸಾಲಿಡೇಟೆಡ್ ಪಿಬಿವೈ ಕ್ಯಾಟಲಿನಾ. ನೀರಿನ ಮೇಲೆ ಇಳಿಯುವ ಈ ವಿಮಾನಗಳಿಗೆ ಹತ್ತಿರದ ಬೆಳ್ಳಂದೂರು ಕೆರೆಯೇ ನಿಲ್ದಾಣವಾಗಿತ್ತು. ಇವತ್ತು ಆ ಕೆರೆಯ ಹೆಸರು ಕೇಳಿದರೆ ನೊರೆ ನೆನಪಾಗುತ್ತದೆ. ಒಂದು ಕಾಲದಲ್ಲಿ ಅಲ್ಲಿ 31.7 ಮೀಟರ್ ರೆಕ್ಕೆಯ ವಿಮಾನ ನೀರು ಸೀಳಿಕೊಂಡು ಇಳಿಯುತ್ತಿತ್ತು ಎನ್ನುವುದು ನಮ್ಮೂರ ಮಕ್ಕಳಿಗೆ ಗೊತ್ತಿರಬೇಕು ಅಂತ ಮೇಷ್ಟ್ರ ಆಸೆ. ನನಗೂ ಅದು ಸರಿ ಅನ್ನಿಸುತ್ತದೆ.

ಆದರೆ ಕ್ಯಾಟಲಿನಾ ಮಾದರಿ ಕಟ್ಟುವವರಿಗೆ ಸುಲಭದ ವಿಮಾನವಲ್ಲ. ರೆಕ್ಕೆ ಒಂದು ಕಂಬದ ಮೇಲೆ ಎತ್ತರದಲ್ಲಿ ಕೂತಿದೆ. ಎರಡು ಎಂಜಿನ್‌ಗಳೂ ಆ ರೆಕ್ಕೆಯಲ್ಲೇ ಇವೆ. ನೀರು ಕೆಳಗೆ ಹಿಂದಕ್ಕೆ ಎಳೆಯುತ್ತದೆ, ಪ್ರೊಪೆಲ್ಲರ್ ಮೇಲೆ ಮುಂದಕ್ಕೆ ಎಳೆಯುತ್ತದೆ. ಎರಡರ ನಡುವೆ ಅಂತರ ಹೆಚ್ಚಿದ್ದಷ್ಟೂ ಮೂಗು ನೀರಿಗೆ ಬಗ್ಗುತ್ತದೆ. ಈ ಒಂದು ಮಾತು ಮುಂದೆ ಮತ್ತೆ ಮತ್ತೆ ಬರುತ್ತದೆ.

ಅಳತೆ ಮತ್ತು ಮೊದಲ ತೀರ್ಮಾನಗಳು

ಅಳತೆ 1:22 ಎಂದು ಇಟ್ಟುಕೊಂಡರು. ರೆಕ್ಕೆ 1.44 ಮೀಟರ್, ಉದ್ದ ಸುಮಾರು 88 ಸೆಂ.ಮೀ. ರೆಕ್ಕೆಯ ವಿಸ್ತೀರ್ಣ ಸುಮಾರು 27 ಚದರ ಡೆಸಿಮೀಟರ್. ಅಳತೆ ಇಳಿದಂತೆ ತೂಕ ಅದರ ಘನದಷ್ಟು ಇಳಿಯುತ್ತದೆ. ಮೂಲ ವಿಮಾನದ ಗರಿಷ್ಠ ತೂಕ 16 ಟನ್. 22ರ ಘನ 10,648. ಭಾಗಿಸಿದರೆ ಒಂದೂವರೆ ಕೆಜಿ ಬರುತ್ತದೆ. ಅದು ಮೇಲಿನ ಮಿತಿ. ಗುರಿ 1.2 ಕೆಜಿ ಎಂದು ಗೋಡೆಯ ಮೇಲೆ ಬರೆದು ಅಂಟಿಸಿದರು.

ಇದು ಸೆಮಿ ಸ್ಕೇಲ್ ಮಾದರಿ. ದೂರದಿಂದ ನೋಡಿದರೆ ಕ್ಯಾಟಲಿನಾ ಅನ್ನಿಸಬೇಕು, ಹತ್ತಿರ ಬಂದು ಸ್ಕೇಲ್ ಹಿಡಿದು ಅಳೆದರೆ ತಾಳೆಯಾಗಬೇಕಿಲ್ಲ. ಹಾಗಾದರೆ ಎಲ್ಲಿ ಮೂಲವನ್ನು ಬಿಡಬೇಕು? ಮೂಲದಲ್ಲಿ ರೆಕ್ಕೆ ತುದಿಯ ಫ್ಲೋಟ್‌ಗಳು (ವಿಮಾನ ವಾಲದಂತೆ ತಡೆಯುವ ತೇಲುಗಳು) ಹಾರುವಾಗ ಮೇಲಕ್ಕೆ ಮಡಚಿ ರೆಕ್ಕೆಯ ತುದಿಯೇ ಆಗುತ್ತವೆ. ಇವರು ಅದನ್ನು ಕೈಬಿಟ್ಟು ಫ್ಲೋಟ್‌ಗಳನ್ನು ಕೆಳಗೇ ಸ್ಥಿರವಾಗಿ ಇಟ್ಟರು. ಬಾಲದ ಅಡ್ಡ ರೆಕ್ಕೆಯನ್ನು ಸ್ವಲ್ಪ ದೊಡ್ಡದು ಮಾಡಿದರು. ಚಕ್ರ ಬೇಡವೆಂದರು. ಈ ಮೂರೂ ಒಳ್ಳೆಯ ತೀರ್ಮಾನಗಳು, ಕೊನೆಯವರೆಗೂ ಬದಲಾಗಲಿಲ್ಲ. ಆದರೆ ನೀರಿಗೆ ತಾಗುವ ತಳವನ್ನು ಮಾತ್ರ "ಮೂಲದಲ್ಲಿ ಇದ್ದ ಹಾಗೇ" ಬಿಟ್ಟುಕೊಂಡರು. ಅದರ ಮೇಲೆ ಪ್ರತ್ಯೇಕವಾಗಿ ಕೂತು ಯೋಚಿಸಲಿಲ್ಲ.

ಹಾಳೆಯ ವಿಷಯದಲ್ಲಿ ಚರ್ಚೆ ನಡೆಯಿತು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ 5 ಮಿ.ಮೀ. ಫೋಮ್ ಬೋರ್ಡ್‌ಗೆ ಎರಡೂ ಕಡೆ ಕಾಗದ ಇರುತ್ತದೆ. ಗಟ್ಟಿ, ಮಡಚಲು ಸುಲಭ. ಆದರೆ ಕಾಗದ ನೀರು ಕುಡಿದರೆ ಸುಲಿದು ಬರುತ್ತದೆ. ಕಾಗದವಿಲ್ಲದ ಡೆಪ್ರಾನ್ ಥರದ ಹಾಳೆ ಹಗುರ. 6 ಮಿ.ಮೀ. ದಪ್ಪದ್ದು ಚದರ ಮೀಟರ್‌ಗೆ ಸುಮಾರು 200 ಗ್ರಾಂ ಅಷ್ಟೇ ತೂಗುತ್ತದೆ. ನೀರು ಹೀರುವುದಿಲ್ಲ. ಆದರೆ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ, ಬೆಲೆಯೂ ಜಾಸ್ತಿ. ಕೊನೆಗೆ ರೆಕ್ಕೆಗೆ ಕಾಗದದ ಬೋರ್ಡ್, ತಳ ಮತ್ತು ಬಾಲಕ್ಕೆ ಕಾಗದವಿಲ್ಲದ ಹಾಳೆ ಎಂದಾಯಿತು. ರೆಕ್ಕೆಯ ಒಳಗೆ 8 ಮಿ.ಮೀ. ಕಾರ್ಬನ್ ಕೊಳವೆ ಅಡ್ಡಲಾಗಿ ಹಾಕಿದರು. ರೆಕ್ಕೆ ಹೊರುವ ಕಂಬದ ಒಳಗೆ 3 ಮಿ.ಮೀ. ಪ್ಲೈವುಡ್ ಇಟ್ಟರು.

ಅಂಟಿನ ಬಗ್ಗೆ ಹೊಸಬರಿಗೆ ಒಂದು ಮಾತು. ಫೆವಿಕ್ವಿಕ್ ಥರದ ಅಂಟು ಈ ಫೋಮನ್ನು ಕರಗಿಸಿಬಿಡುತ್ತದೆ. ಮಾಮೂಲಿ ಸ್ಪ್ರೇ ಪೇಂಟ್ ಕೂಡ ಹಾಗೇ. ಇವರು ಬಳಸಿದ್ದು ಫೋಮ್‌ಗೆಂದೇ ಇರುವ ಅಂಟು, ಮೋಟಾರ್ ಕೂರುವ ಜಾಗಕ್ಕೆ ಎರಡು ಟ್ಯೂಬ್‌ನ ಎಪಾಕ್ಸಿ, ಬಣ್ಣಕ್ಕೆ ನೀರಲ್ಲಿ ಕಲಸುವ ಅಕ್ರಿಲಿಕ್. ತಳದ ಮೇಲೆ ಚದರ ಮೀಟರ್‌ಗೆ 25 ಗ್ರಾಂ ತೂಗುವ ತೆಳು ಗಾಜಿನ ನೂಲಿನ ಬಟ್ಟೆ ಹಾಸಿ, ನೀರು ಆಧಾರಿತ ಪಾಲಿಯುರೆಥೇನ್ ವಾರ್ನಿಷ್ ಬಳಿದರು.

ಮೇಷ್ಟ್ರ ಕೈಕೆಲಸ ನೋಡಬೇಕು. ಫಿಟ್ಟರ್ ಕೆಲಸ ಕಲಿಸಿದ ಕೈ. ತಳದ ಪ್ರತಿ ಅಂಚನ್ನೂ ಉಜ್ಜಿ, ಫಿಲ್ಲರ್ ತುಂಬಿ, ಮತ್ತೆ ಉಜ್ಜಿ ನುಣುಪು ಮಾಡಿದ್ದರು. ಬೆರಳು ಆಡಿಸಿದರೆ ಎಲ್ಲೂ ಚುಚ್ಚುತ್ತಿರಲಿಲ್ಲ. ಆ ಹಲ್ (ವಿಮಾನದ ದೋಣಿಯಂಥ ಮೈ) ನೋಡಿ ನಾನು ಮನಸಾರೆ ಮೆಚ್ಚಿದ್ದೆ.

ನೀರಿನಲ್ಲಿ ಏನಾಯಿತು

ಕೆರೆಗೆ ಹೋಗುವ ಮೊದಲಿನ ಕೆಲಸಗಳನ್ನು ಇಬ್ಬರೂ ಅಚ್ಚುಕಟ್ಟಾಗಿ ಮಾಡಿದ್ದರು. ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರು ವಲಯದಲ್ಲಿದೆಯೇ ಎಂದು ನೋಡಿದರು. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಅವಕಾಶ ಇದೆ. ಬೆಳ್ಳಂದೂರು ಕೆರೆ ಎಚ್‌ಎಎಲ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವುದರಿಂದ ಅಲ್ಲಿ ಹಾರಿಸುವ ಮಾತೇ ಇಲ್ಲ. ಪಂಚಾಯಿತಿಗೆ ಹೇಳಿದರು. ಮೀನಿನ ಗುತ್ತಿಗೆ ಹಿಡಿದವರನ್ನು ಕಂಡು ಮಾತಾಡಿದರು. ಅವರೇ ತೆಪ್ಪ ಕೊಟ್ಟು, ಬಲೆ ಎಲ್ಲೆಲ್ಲಿ ಹಾಕಿದೆ ಎಂದು ತೋರಿಸಿದರು. ಕೆರೆಯಲ್ಲಿ ಮಾದರಿ ಹಾರಿಸುವವರು ಈ ಮಾತುಕತೆ ಬಿಡಬಾರದು. ನೀರಿನ ಮಧ್ಯೆ ಮೋಟಾರ್ ನಿಂತರೆ ಕೈಹಿಡಿಯುವವರು ಅವರೇ ಅಲ್ವಾ?

ತೂಕ ಮಾತ್ರ 1,340 ಗ್ರಾಂ ಆಗಿತ್ತು. ಗುರಿಗಿಂತ 140 ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಫಿಲ್ಲರ್ ಮತ್ತು ಬಣ್ಣ.

ನೀರಿಗೆ ಬಿಟ್ಟಾಗ ಚೆನ್ನಾಗಿ ತೇಲಿತು. ಥ್ರಾಟಲ್ (ಮೋಟಾರ್ ವೇಗ) ಕೊಟ್ಟಾಗ ಮೂಗು ತಗ್ಗಿತು. ಇನ್ನೂ ಕೊಟ್ಟಾಗ ಮೂಗಿನ ಎರಡೂ ಬದಿಯಿಂದ ನೀರು ಎದ್ದು ಪ್ರೊಪೆಲ್ಲರ್‌ಗೆ ಬಡಿಯಿತು. ಮೋಟಾರ್ ಸದ್ದು ಕುಗ್ಗಿತು. ವಿಮಾನ ನೀರು ಉಳುತ್ತಾ ಹೋಯಿತೇ ಹೊರತು ಮೇಲೆ ಏಳಲಿಲ್ಲ. ನಂತರ ಒಂದು ಬದಿಯ ಫ್ಲೋಟ್ ಮುಳುಗಿ ಇಡೀ ವಿಮಾನ ಆ ಕಡೆಗೆ ಗಿರಕಿ ಹೊಡೆಯಿತು. ದಡಕ್ಕೆ ತಂದಾಗ ಹಿಂಭಾಗದಲ್ಲಿ ನೀರು ತುಂಬಿತ್ತು. ಬಾಲದ ಪಟ್ಟಿಗಳನ್ನು ಆಡಿಸುವ ಸರ್ವೊ (ಪುಟ್ಟ ಮೋಟಾರ್) ಕಡ್ಡಿಯ ರಂಧ್ರದಿಂದ ಒಳಗೆ ಬಂದಿತ್ತು.

ಇಲ್ಲಿ ಸ್ಟೆಪ್ ಬಗ್ಗೆ ಹೇಳಬೇಕು. ಸೀಪ್ಲೇನ್ ತಳದ ಮಧ್ಯದಲ್ಲಿ, ತೂಕದ ಕೇಂದ್ರಕ್ಕಿಂತ ಸ್ವಲ್ಪ ಹಿಂದೆ, ಒಂದು ಮೆಟ್ಟಿಲಿನಂಥ ಕಡಿತ ಇರುತ್ತದೆ. ನಿಧಾನವಾಗಿ ಹೋಗುವಾಗ ಇಡೀ ತಳ ನೀರಲ್ಲಿರುತ್ತದೆ. ವೇಗ ಹೆಚ್ಚಿದಂತೆ ನೀರು ಸ್ಟೆಪ್‌ನ ಅಂಚಿನಲ್ಲಿ ಕಡಿದುಕೊಳ್ಳಬೇಕು, ಹಿಂಭಾಗದ ತಳ ಗಾಳಿಗೆ ಬಿಡುಗಡೆಯಾಗಬೇಕು. ಆಗ ವಿಮಾನ ಮುಂಭಾಗದ ತಳದ ಮೇಲಷ್ಟೇ ಜಾರುತ್ತದೆ. ಅದಕ್ಕೆ ಮುಂಚೆ ಒಂದು ದಿಬ್ಬ ದಾಟಬೇಕು. ಒಂದು ವೇಗದವರೆಗೆ ನೀರಿನ ಎಳೆತ ಏರುತ್ತಾ ಹೋಗಿ, ಅದನ್ನು ದಾಟಿದ ಮೇಲೆ ಇಳಿಯುತ್ತದೆ. ಇವರ ಕ್ಯಾಟಲಿನಾ ಆ ದಿಬ್ಬದ ಈಚೆಗೇ ನಿಂತುಬಿಡುತ್ತಿತ್ತು.

ಮೊದಲ ಎರಡು ಪರಿಹಾರಗಳು

ಮೊದಲ ಯೋಚನೆ ಎಲ್ಲರಿಗೂ ಬರುವಂಥದ್ದೇ. ಶಕ್ತಿ ಸಾಲದು, ಇನ್ನಷ್ಟು ಕೊಡೋಣ. ಮೂರು ಸೆಲ್ ಬ್ಯಾಟರಿ ತೆಗೆದು ನಾಲ್ಕು ಸೆಲ್ ಹಾಕಿದರು. ಅದು ಸುಮಾರು 60 ಗ್ರಾಂ ಜಾಸ್ತಿ, ಕೂರುವುದು ಮೂಗಿನಲ್ಲಿ. ಪ್ರೊಪೆಲ್ಲರ್ ಎಳೆತ ಹೆಚ್ಚಾಯಿತು. ಆದರೆ ಆ ಎಳೆತ ನೀರಿನ ಮಟ್ಟಕ್ಕಿಂತ 20 ಸೆಂ.ಮೀ. ಮೇಲೆ ಇದೆಯಲ್ಲ, ಹಾಗಾಗಿ ಮೂಗು ಇನ್ನಷ್ಟು ಆಳಕ್ಕೆ ಹೋಯಿತು. ಮೊದಲಿಗಿಂತ ಕೆಟ್ಟಿತು.

ಇಲ್ಲಿ ಹುಡುಗಿ ಒಂದು ಒಳ್ಳೆಯ ಪ್ರಶ್ನೆ ಎತ್ತಿದಳು. "ಮಾವ, ಮೂರು ಸೆಲ್ಲಿನಲ್ಲೇ ಎಳೆತ 1.1 ಕೆಜಿ ಇದೆ. ಅಡುಗೆಮನೆ ತಕ್ಕಡಿ ಮೇಲೆ ನಾವೇ ಅಳೆದಿದ್ದೀವಿ. ವಿಮಾನದ ತೂಕದ ಮುಕ್ಕಾಲಿಗಿಂತ ಜಾಸ್ತಿ. ಅಷ್ಟರಲ್ಲಿ ಏಳದೇ ಇದ್ದರೆ ತೊಂದರೆ ಮೋಟಾರ್‌ದಲ್ಲ."

ಮೇಷ್ಟ್ರು ಒಪ್ಪಿದರು. ಆದರೆ ತಳದ ಕಡೆ ನೋಡಲಿಲ್ಲ. ತೂಕದ ಕೇಂದ್ರವನ್ನು ಹಿಂದಕ್ಕೆ ಸರಿಸೋಣ ಎಂದರು. ಮೂಗು ತಗ್ಗುತ್ತಿದೆ, ಆದ್ದರಿಂದ ಮೂಗು ಹಗುರ ಮಾಡೋಣ. ಮೇಲ್ನೋಟಕ್ಕೆ ಸರಿಯಾದ ತರ್ಕ. ಬ್ಯಾಟರಿ ಹಿಂದೆ ಹೋಯಿತು. ಈ ಸಲ ಗಾಳಿ ಎದುರಿಗೆ ಚೆನ್ನಾಗಿ ಬೀಸುತ್ತಿತ್ತು. ವಿಮಾನ ಮೂಗು ಎತ್ತಿ, ಕುಪ್ಪಳಿಸಿ ಕುಪ್ಪಳಿಸಿ, ಮೂರನೇ ನೆಗೆತಕ್ಕೆ ಗಾಳಿಗೆ ಎದ್ದೇಬಿಟ್ಟಿತು. ದಡದಲ್ಲಿದ್ದವರೆಲ್ಲ ಕೂಗಿದರು. ಆದರೆ ಹಿಂಭಾಗ ಭಾರವಾದ ವಿಮಾನ ಗಾಳಿಯಲ್ಲಿ ನಿಲ್ಲುವುದಿಲ್ಲ. ಮೂಗು ಏರುತ್ತಲೇ ಹೋಯಿತು, ವೇಗ ಸತ್ತಿತು, ಒಂದು ರೆಕ್ಕೆ ಮಗುಚಿ ನೀರಿಗೆ ಬಿತ್ತು. ಕಂಬ ಮುರಿಯಿತು. ಒಂದು ಫ್ಲೋಟ್ ಅಂತರಗಂಗೆಯ ನಡುವೆ ಸಿಕ್ಕಿಕೊಂಡು ಮಾರನೇ ದಿನ ಸಿಕ್ಕಿತು.

ಈ ಪ್ರಕರಣದಲ್ಲಿ ನಾನು ತುಂಬಾ ಯೋಚಿಸಿದ ಜಾಗ ಇದು. ಆ ಎರಡು ಸೆಕೆಂಡಿನ ಹಾರಾಟ ಇಬ್ಬರನ್ನೂ ತಪ್ಪು ದಾರಿಯಲ್ಲೇ ಇಟ್ಟುಬಿಡಬಹುದಿತ್ತು. "ಎದ್ದಿತಲ್ಲ, ಇನ್ನು ಸ್ವಲ್ಪ ತಿದ್ದಿದರೆ ಸಾಕು" ಎಂದು ಎಷ್ಟೋ ಜನ ಇಂಥ ಹೊತ್ತಿನಲ್ಲಿ ವಾರಗಟ್ಟಲೆ ಬ್ಯಾಟರಿ ಹಿಂದೆ ಮುಂದೆ ಸರಿಸುತ್ತಾ ಕೂರುತ್ತಾರೆ. ಇವರು ಹಾಗೆ ಮಾಡಲಿಲ್ಲ. ತೂಕದ ಕೇಂದ್ರ ಗಾಳಿಗಾಗಿ ಎಲ್ಲಿರಬೇಕೋ ಅಲ್ಲೇ ಇರಲಿ, ನೀರಿನ ತೊಂದರೆಯನ್ನು ನೀರಿನಲ್ಲೇ ಬಿಡಿಸೋಣ ಎಂದು ಹುಡುಗಿ ಪಟ್ಟು ಹಿಡಿದಳು. ರೆಕ್ಕೆ ರಿಪೇರಿ ಬದಿಗಿಟ್ಟು ಹಲ್ ಒಂದನ್ನೇ ತೆಗೆದುಕೊಂಡರು.

ಕೃಷಿ ಹೊಂಡದಲ್ಲಿ ಎಳೆದು ನೋಡಿದ್ದು

ಪರಿಚಯದವರ ತೋಟದಲ್ಲಿ ಕೃಷಿ ಭಾಗ್ಯದಲ್ಲಿ ತೋಡಿಸಿದ ಒಂದು ಹೊಂಡ ಇತ್ತು. ಸುಮಾರು 21 ಮೀಟರ್ ಉದ್ದ. ಪ್ಲಾಸ್ಟಿಕ್ ಹಾಸಿದ ಹೊಂಡದ ಬದಿ ಭಯಂಕರ ಜಾರುತ್ತದೆ, ಬಿದ್ದರೆ ಹತ್ತಿ ಬರುವುದು ಕಷ್ಟ. ಆದ್ದರಿಂದ ಇಬ್ಬರೂ ಲೈಫ್ ಜಾಕೆಟ್ ಹಾಕಿಕೊಂಡು, ಬದಿಗೆ ಹಗ್ಗ ಕಟ್ಟಿ ಕೆಲಸ ಮಾಡಿದರು.

ಸಲಕರಣೆ ಸರಳ. ಬ್ಯಾಟರಿ ಡ್ರಿಲ್‌ಗೆ 10 ಸೆಂ.ಮೀ. ವ್ಯಾಸದ ರಾಟೆ, ಅದಕ್ಕೆ ಗಾಳದ ದಾರ. ಡ್ರಿಲ್ ಪೂರ್ತಿ ವೇಗದಲ್ಲಿ ತಿರುಗಿದರೆ ದಾರ ಸೆಕೆಂಡಿಗೆ 7 ಮೀಟರ್ ಎಳೆಯುತ್ತದೆ. ದಿಬ್ಬ ದಾಟುವ ವೇಗಕ್ಕೆ ಅದು ಧಾರಾಳ ಸಾಕು. ಡ್ರಿಲ್ ಕೂರಿಸಿದ ಹಲಗೆಯನ್ನು ಎರಡು ಪೈಪ್ ತುಂಡಿನ ಮೇಲೆ ಉರುಳುವಂತೆ ಇಟ್ಟು, ಹಿಂದೆ ಒಂದು ಗೂಟಕ್ಕೆ ಲಗೇಜ್ ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಕಟ್ಟಿದರು. ಹಲ್ ಎಷ್ಟು ಎಳೆಯುತ್ತದೋ ಅಷ್ಟನ್ನು ತಕ್ಕಡಿ ತೋರಿಸುತ್ತದೆ. ಹಲ್‌ಗೆ ರೆಕ್ಕೆಯ ಬದಲು ಅಡ್ಡಕ್ಕೆ ಒಂದು ಕೋಲು, ಎರಡು ತುದಿಗೆ ಫೋಮ್ ತುಂಡು, ಒಳಗೆ ಮರಳಿನ ಪೊಟ್ಟಣ.

ಮೊದಲು ದಾರವನ್ನು ಮೂಗಿನ ಕೊಕ್ಕೆಗೆ ಕಟ್ಟಿ ಎಳೆದರು. ಹಲ್ ಸೊಗಸಾಗಿ ಎದ್ದು ಜಾರಿತು! ಒಂದು ಕ್ಷಣ ಎಲ್ಲರಿಗೂ ಗೊಂದಲ. ತಳ ಸರಿಯಿದ್ದರೆ ಕೆರೆಯಲ್ಲಿ ಯಾಕೆ ಹಾಗಾಯಿತು? ಆಗ ಹುಡುಗಿಗೆ ಹೊಳೆದದ್ದು ಇಡೀ ಕೆಲಸದ ತಿರುವು. ವಿಮಾನವನ್ನು ಎಳೆಯುವುದು ಮೂಗಿನ ಕೊಕ್ಕೆಯಲ್ಲ, ಮೇಲಿರುವ ಪ್ರೊಪೆಲ್ಲರ್. ಅವಳು ಹಲ್ ಮೇಲೆ ಒಂದು ಬಿದಿರು ಕಡ್ಡಿ ನಿಲ್ಲಿಸಿ, ಪ್ರೊಪೆಲ್ಲರ್ ಎತ್ತರದಲ್ಲಿ ದಾರ ಕಟ್ಟಿದಳು. ಎಳೆದ ತಕ್ಷಣ ಕೆರೆಯಲ್ಲಿ ಕಂಡದ್ದೇ ಹೊಂಡದಲ್ಲೂ ಕಂಡಿತು. ಮೂಗು ತಗ್ಗಿತು, ನೀರು ಹಾರಿತು, ತಕ್ಕಡಿ 500 ಗ್ರಾಂ ದಾಟಿತು, ಮತ್ತೆ ಇಳಿಯಲೇ ಇಲ್ಲ.

ತೊಂದರೆಯನ್ನು ಬೇಕೆಂದಾಗ ತರಿಸಲು ಸಾಧ್ಯವಾದರೆ ಅರ್ಧ ಗೆದ್ದ ಹಾಗೆ. ಈಗ ಫೋನ್‌ನ ನಿಧಾನ ವಿಡಿಯೊ ಹಾಕಿ, ಬದಿಯಿಂದ, ನೀರಿನ ಮಟ್ಟಕ್ಕೇ ಕ್ಯಾಮೆರಾ ಇಟ್ಟು ತೆಗೆದೆ. ಸ್ಕ್ರೀನ್ ಮೇಲೆ ಒಂದೊಂದೇ ಚಿತ್ರ ಸರಿಸಿ ನೋಡಿದಾಗ ಕಾರಣ ಕಣ್ಣಿಗೆ ಬಿತ್ತು. ನೀರು ಸ್ಟೆಪ್‌ನಲ್ಲಿ ಕಡಿದುಕೊಳ್ಳುತ್ತಿರಲಿಲ್ಲ. ದುಂಡಗಿದ್ದ ಅಂಚನ್ನು ತಬ್ಬಿ ತಿರುಗಿ ಹಿಂಭಾಗದ ತಳಕ್ಕೆ ಅಂಟಿಕೊಂಡೇ ಹೋಗುತ್ತಿತ್ತು. ಬದಿಯ ಅಂಚುಗಳಲ್ಲೂ ಅದೇ. ಹೊರಗೆ ಸಿಡಿಯಬೇಕಾದ ನೀರು ದುಂಡು ಅಂಚು ಹಿಡಿದು ಪಕ್ಕೆ ಏರಿ, ಪ್ರೊಪೆಲ್ಲರ್ ತಲುಪುತ್ತಿತ್ತು. ತುಂಬುತ್ತಿರುವ ಕೊಡದ ಹೊರಮೈಗೆ ನಲ್ಲಿ ನೀರು ಅಂಟಿಕೊಂಡು ಇಳಿಯುವ ಹಾಗೆ. ಹಾಗೆ ಅಂಟಿಕೊಂಡ ನೀರು ಸುಮ್ನೆ ಇರುವುದಿಲ್ಲ, ತಳವನ್ನು ಕೆಳಕ್ಕೆ ಹೀರುತ್ತದೆ.

ಅಳತೆ ಪಟ್ಟಿ ಇಟ್ಟು ನೋಡಿದರೆ ನಕ್ಷೆಯಲ್ಲಿ 6 ಮಿ.ಮೀ. ಇದ್ದ ಸ್ಟೆಪ್ ಬಟ್ಟೆ, ಫಿಲ್ಲರ್, ಬಣ್ಣ ಸೇರಿ 4 ಮಿ.ಮೀ.ಗೆ ಇಳಿದಿತ್ತು. ಅದರ ಅಂಚಿನ ದುಂಡೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂದರೆ ಆ ವಿಮಾನಕ್ಕೆ ಸ್ಟೆಪ್ ಇರಲೇ ಇಲ್ಲ ಅನ್ನಬಹುದು. ನಾನು ಅಷ್ಟು ಮೆಚ್ಚಿದ್ದ ಆ ನುಣುಪೇ ನೀರನ್ನು ಹಿಡಿದಿಟ್ಟಿತ್ತು.

ಮೇಷ್ಟ್ರಿಗೆ ಇದು ಸುಲಭದ ಸಂಗತಿಯಾಗಿರಲಿಲ್ಲ. "ಚೂಪು ಅಂಚು ಬಿಟ್ಟರೆ ಕಚ್ಚಾ ಕೆಲಸ ಕಾಣುತ್ತೆ ಕಣಮ್ಮ. ಮೂಲದಲ್ಲಿ ಎಷ್ಟು ನುಣುಪಾಗಿದೆ ನೋಡು" ಎಂದು ಫೋಟೊ ತೋರಿಸಿದರು. ಅವಳು ಅದೇ ಫೋಟೊ ದೊಡ್ಡದು ಮಾಡಿ ತೋರಿಸಿದಳು. "ನೋಡಿ ಮಾವ, ಮೂಲದಲ್ಲೂ ಅಂಚು ಚೂಪಾಗೇ ಇದೆ. ದುಂಡು ಮಾಡಿದ್ದು ನಾವು." ಮೇಷ್ಟ್ರು ಸ್ವಲ್ಪ ಹೊತ್ತು ನೋಡಿ, "ಹೌದು ಕಣಮ್ಮ, ಕತ್ತರಿಸು" ಎಂದರು.

ಬದಲಾಯಿಸಿದ್ದು

ಹಳೆಯ ತಳವನ್ನು ಸರಿಪಡಿಸುವ ಗೋಜಿಗೆ ಹೋಗಲಿಲ್ಲ. ಹೊಸ ಹಲ್ ಕಟ್ಟಿದರು. ಟೆಂಪ್ಲೇಟ್ ಇದ್ದುದರಿಂದ ಕೆಲಸ ಬೇಗ ಆಯಿತು. ಹಾಳೆಯ ಮಾದರಿಯ ದೊಡ್ಡ ಅನುಕೂಲವೇ ಇದು, ತಪ್ಪಿದ ಭಾಗವನ್ನು ಎಸೆದು ಹೊಸದು ಕಟ್ಟಲು ಮನಸ್ಸು ಹಿಂಜರಿಯುವುದಿಲ್ಲ.

ಸ್ಟೆಪ್ ಆಳ 11 ಮಿ.ಮೀ. ಮಾಡಿದರು. ಹಲ್‌ನ ಅಗಲ 14 ಸೆಂ.ಮೀ., ಅದರ ಶೇ. 8ರಷ್ಟು. ಮೂಲದ ಅಳತೆಗಿಂತ ಆಳ ಜಾಸ್ತಿ, ಆದರೆ ನೀರಿನ ಹನಿ ವಿಮಾನದ ಜೊತೆ ಚಿಕ್ಕದಾಗುವುದಿಲ್ಲವಲ್ಲ. 22 ಪಟ್ಟು ಚಿಕ್ಕ ವಿಮಾನವೂ ಅದೇ ನೀರಿನಲ್ಲಿ ಓಡಬೇಕು. ನೀರಿನ ಅಂಟು ಗುಣ ಚಿಕ್ಕ ಮಾದರಿಯನ್ನು ಹೆಚ್ಚು ಕಾಡುತ್ತದೆ. ಆದ್ದರಿಂದ ಸೆಮಿ ಸ್ಕೇಲ್ ಎಂಬ ಸಲಿಗೆಯನ್ನು ಮೊದಲು ಬಳಸಬೇಕಾದ ಜಾಗ ತಳವೇ.

ಸ್ಟೆಪ್ ಮತ್ತು ಬದಿಯ ಅಂಚುಗಳಿಗೆ ಒಂದೂವರೆ ಮಿ.ಮೀ. ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಎರಡು ಮಿ.ಮೀ. ಹೊರಗೆ ಚಾಚುವಂತೆ ಬಿಟ್ಟರು. ಫೋಮ್ ಅಂಚು ಎಷ್ಟೇ ಚೂಪಾಗಿ ಕತ್ತರಿಸಿದರೂ ದಡಕ್ಕೆ ಎರಡು ಸಲ ತಾಗಿದರೆ ದುಂಡಾಗುತ್ತದೆ. ಪ್ಲಾಸ್ಟಿಕ್ ಹಾಗಾಗುವುದಿಲ್ಲ. ಮೂಗಿನ ಕಡೆ ಅದೇ ಪಟ್ಟಿಯನ್ನು ಸ್ವಲ್ಪ ಕೆಳಮುಖವಾಗಿ ಬಾಗಿಸಿದ್ದರಿಂದ ಏಳುವ ನೀರು ತಗ್ಗಿ ಪಕ್ಕಕ್ಕೆ ಹೋಗುವಂತಾಯಿತು.

ಸ್ಟೆಪ್ ಎಲ್ಲಿರಬೇಕು ಎಂಬುದನ್ನು ಗಾಳಿಯ ಲೆಕ್ಕದಿಂದ ಹಿಂದಕ್ಕೆ ಬಂದು ತೀರ್ಮಾನಿಸಿದರು. ಮೊದಲು ತೂಕದ ಕೇಂದ್ರ ಗುರುತಿಸಿ, ಅಲ್ಲಿಂದ ನೇರ ಕೆಳಕ್ಕೆ ಒಂದು ಗೆರೆ, ಅದಕ್ಕೆ ಹತ್ತು ಡಿಗ್ರಿ ಹಿಂದಕ್ಕೆ ಓರೆಯಾಗಿ ಇನ್ನೊಂದು ಗೆರೆ. ಆ ಓರೆ ಗೆರೆ ತಳವನ್ನು ಮುಟ್ಟುವಲ್ಲಿ ಸ್ಟೆಪ್. ತೀರಾ ಹಿಂದೆ ಹೋದರೆ ಏಳುವ ಹೊತ್ತಿಗೆ ಮೂಗು ಎತ್ತಲಾಗುವುದಿಲ್ಲ. ತೀರಾ ಮುಂದೆ ಬಂದರೆ ವಿಮಾನ ನೀರಿನ ಮೇಲೆ ಕುಪ್ಪಳಿಸುತ್ತದೆ.

ಫ್ಲೋಟ್‌ಗಳು ಮೊದಲು ರೆಕ್ಕೆಗೆ ಸಮಾನಾಂತರವಾಗಿದ್ದವು. ಈಗ ಅವುಗಳ ಮೂಗನ್ನು ನಾಲ್ಕು ಡಿಗ್ರಿ ಮೇಲಕ್ಕೆತ್ತಿದರು. ನೀರು ತಾಗಿದರೆ ಫ್ಲೋಟ್ ಮುಳುಗುವ ಬದಲು ಮೇಲಕ್ಕೆ ಪುಟಿಯಬೇಕು, ಅಷ್ಟೇ. ಮೋಟಾರ್‌ಗಳನ್ನೂ ಮೂರು ಡಿಗ್ರಿ ಮೇಲ್ಮುಖ ಮಾಡಿದರು.

ಫಿಲ್ಲರ್ ಬಹುಪಾಲು ಕೈಬಿಟ್ಟರು. ಮೈಮೇಲಿನ ರಿವೆಟ್ ಗುರುತುಗಳನ್ನು ಬಿಟ್ಟುಕೊಡಲು ಮೇಷ್ಟ್ರು ತಾವೇ ಮುಂದಾದರು. ಕ್ಯಾಟಲಿನಾದ ಗುರುತೇ ಆದ ಪಕ್ಕೆಯ ಗಾಜಿನ ಗುಮ್ಮಟಗಳನ್ನು ಮಾತ್ರ ಉಳಿಸಿಕೊಂಡರು, ತೆಳು ಪ್ಲಾಸ್ಟಿಕ್‌ನಲ್ಲಿ. ಅದು ಸರಿಯಾದ ಆಯ್ಕೆ. ಕೆಲವೇ ಗ್ರಾಂನಲ್ಲಿ ವಿಮಾನದ ಮುಖ ಉಳಿಯಿತು. ಒಟ್ಟು ತೂಕ 1,180 ಗ್ರಾಂಗೆ ಇಳಿಯಿತು. ರೆಕ್ಕೆಯ ಚದರ ಡೆಸಿಮೀಟರ್‌ಗೆ ಬರುವ ಹೊರೆ 50 ಗ್ರಾಂನಿಂದ 44ಕ್ಕೆ ಬಂತು. ಬೆಂಗಳೂರಿನ ಸುತ್ತಲಿನ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಗಾಳಿ ಅಷ್ಟು ತೆಳು. ಕರಾವಳಿಯಲ್ಲಿ ಏಳುವ ವೇಗ ಇಲ್ಲಿ ಸಾಲುವುದಿಲ್ಲ. ಹಾಗಾಗಿ ಇಲ್ಲಿ ಕಟ್ಟುವವರಿಗೆ ತೂಕದ ಶಿಸ್ತು ಇನ್ನೂ ಮುಖ್ಯ.

ಹೊಸ ಹಲ್ ಹೊಂಡಕ್ಕೆ ಹೋಯಿತು. ದಾರ ಪ್ರೊಪೆಲ್ಲರ್ ಎತ್ತರದಲ್ಲೇ ಕಟ್ಟಿತ್ತು. ತಕ್ಕಡಿ 300 ಗ್ರಾಂ ಹತ್ತಿರ ಹೋಗಿ, ಹಲ್ ಎದ್ದು, ಮುಳ್ಳು ಇಳಿಯಿತು. ಹಿಂಭಾಗದ ತಳದ ಕೆಳಗೆ ಬೆಳಕು ಕಂಡಿತು. ಹುಡುಗಿ ಕುಣಿದಾಡಿಬಿಟ್ಟಳು.

ಮತ್ತೆ ಕೆರೆಗೆ

ಇನ್ನು ಉಳಿದದ್ದು ಹಾರಿಸುವವರ ಬೆರಳು. ಥ್ರಾಟಲ್ ಒಮ್ಮೆಲೇ ತಳ್ಳಿದರೆ ಎಂಥ ಹಲ್ ಆದರೂ ಮೂಗು ತಗ್ಗಿಸುತ್ತದೆ. ರೇಡಿಯೊದಲ್ಲಿ ಥ್ರಾಟಲ್ ನಿಧಾನವಾಗಿ ಏರುವಂತೆ ಹೊಂದಿಸಿದರು. ಎಲಿವೇಟರ್ (ಮೂಗು ಎತ್ತಿಳಿಸುವ ಬಾಲದ ಪಟ್ಟಿ) ಪೂರ್ತಿ ಎಳೆದು ಹಿಡಿಯುವುದು, ಸ್ಟೆಪ್ ಮೇಲೆ ಏರಿದ ಕೂಡಲೇ ಸಡಿಲಿಸುವುದು. ನೀರಿನಲ್ಲಿ ತಿರುಗಲು ರಡ್ಡರ್ (ಬಾಲದ ಚುಕ್ಕಾಣಿ) ಸಾಲುವುದಿಲ್ಲ, ಅದಕ್ಕೆ ಎರಡು ಮೋಟಾರ್‌ಗಳ ವೇಗದಲ್ಲಿ ವ್ಯತ್ಯಾಸ ಬರುವಂತೆ ಮಿಕ್ಸ್ ಹಾಕಿದರು. ಎರಡು ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಸಾಧನ) ಇದ್ದಾಗ ಒಂದರ ಕೆಂಪು ತಂತಿಯನ್ನು ರಿಸೀವರ್‌ನಿಂದ ಬಿಡಿಸಬೇಕು. ಇಲ್ಲದಿದ್ದರೆ ಎರಡೂ ಒಟ್ಟಿಗೆ ಕರೆಂಟ್ ಕೊಡಲು ಹೋಗಿ ತೊಂದರೆಯಾಗಬಹುದು.

ಬೆಳಗಿನ ಸಣ್ಣ ಗಾಳಿ, ನೀರಿನ ಮೇಲೆ ಸಣ್ಣ ಅಲೆ. ಮೂರು ಸೆಲ್ ಬ್ಯಾಟರಿಯಲ್ಲೇ, ಪೂರ್ತಿ ಥ್ರಾಟಲ್ ಮುಟ್ಟುವ ಮೊದಲೇ ವಿಮಾನ ಸ್ಟೆಪ್ ಮೇಲೆ ಏರಿತು. ನೀರು ಬದಿಗೆ ತಗ್ಗಾಗಿ ಹಾಸಿಕೊಂಡಿತು. ಸುಮಾರು 25 ಮೀಟರ್ ಓಡಿ, ತಾನಾಗಿಯೇ ಬಿಡಿಸಿಕೊಂಡು ಎದ್ದಿತು. ಗಾಳಿಯಲ್ಲಿ ಮೊದಲ ದಿನದಿಂದಲೂ ಈ ವಿಮಾನಕ್ಕೆ ಕೊರತೆ ಇರಲಿಲ್ಲ, ಅದು ಅವತ್ತು ಗೊತ್ತಾಯಿತು. ಅಗಲ ರೆಕ್ಕೆ, ನಿಧಾನದ ತಿರುವು, ಎರಡು ಮೋಟಾರ್‌ಗಳ ಒಟ್ಟು ಗುನುಗು. ಮೀನು ಹಿಡಿಯುವವರು ಕೆಲಸ ಬಿಟ್ಟು ನೋಡಿದರು. ಇಳಿಸುವಾಗ ಮೋಟಾರ್ ಪೂರ್ತಿ ನಿಲ್ಲಿಸದೆ ಸ್ವಲ್ಪ ಓಡಿಸುತ್ತಲೇ ನೀರಿಗೆ ಮುಟ್ಟಿಸಿದರು. ಎತ್ತರದಲ್ಲಿರುವ ಎಂಜಿನ್ ಒಮ್ಮೆಲೇ ನಿಂತರೆ ಮೂಗಿನ ಭಂಗಿ ಬದಲಾಗಿಬಿಡುತ್ತದೆ.

ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಗಾಳಿಯೇ ಇಲ್ಲದ, ಕನ್ನಡಿಯಂಥ ನೀರಿನಲ್ಲಿ ಈಗಲೂ ಓಟ ಉದ್ದವಾಗುತ್ತದೆ. ಸಣ್ಣ ಅಲೆ ಇದ್ದರೆ ತಳದ ಕೆಳಗೆ ಗಾಳಿ ಸೇರಿ ಹೀರುವಿಕೆ ಬೇಗ ಕಡಿಯುತ್ತದೆ. ನೀರು ನಿಶ್ಚಲವಾಗಿದ್ದರೆ ಹುಡುಗಿ ಮೊದಲು ವಿಮಾನವನ್ನೇ ಒಂದು ಸುತ್ತು ಓಡಿಸಿ, ತನ್ನದೇ ಅಲೆಯ ಮೇಲಿಂದ ಏಳಿಸುತ್ತಾಳೆ. ಅಡ್ಡಗಾಳಿಯಲ್ಲಿ ಹಾರಿಸುವುದೇ ಇಲ್ಲ.

ಇಂಥದ್ದನ್ನು ಕಟ್ಟಲು ಹೊರಟವರಿಗೆ ಈ ಪ್ರಕರಣದಿಂದ ನಾನು ಎತ್ತಿ ಹೇಳುವುದು ಕೆಲಸದ ಕ್ರಮದ ಬಗ್ಗೆ. ಇವರು ಪೂರ್ತಿ ವಿಮಾನ ಕಟ್ಟಿ, ಬಣ್ಣ ಹಚ್ಚಿ, ಆಮೇಲೆ ನೀರಿಗೆ ಬಿಟ್ಟರು. ಹಲ್ ಆದ ತಕ್ಷಣ, ಬಣ್ಣಕ್ಕೆ ಮೊದಲೇ, ಪ್ರೊಪೆಲ್ಲರ್ ಎತ್ತರದಲ್ಲಿ ದಾರ ಕಟ್ಟಿ ಎಳೆದು ನೋಡಿದ್ದರೆ ರೆಕ್ಕೆಯ ಕಂಬ ಮುರಿಯುತ್ತಿರಲಿಲ್ಲ. ಡ್ರಿಲ್ ಇಲ್ಲದಿದ್ದರೆ ಇನ್ನೊಬ್ಬರು ದಡದಲ್ಲಿ ಓಡಿ ಎಳೆದರೂ ನೀರು ಎಲ್ಲಿ ಕಡಿಯುತ್ತಿದೆ, ಎಲ್ಲಿ ಅಂಟುತ್ತಿದೆ ಎನ್ನುವುದು ಕಾಣುತ್ತದೆ.

ಮೇಷ್ಟ್ರು ಈಗ ಮೂರನೇ ಹಲ್‌ಗೆ ಹಾಳೆ ಕತ್ತರಿಸುತ್ತಿದ್ದಾರೆ. ಸರ್ವೊ ಕಡ್ಡಿ ಹೊರಬರುವ ಜಾಗವನ್ನು ಬಾಲದ ಮೇಲ್ಭಾಗಕ್ಕೆ ಸರಿಸಿದ್ದಾರೆ. ಒಳಗೆ ನೀರು ಹಿಂದಕ್ಕೆ ಓಡದಂತೆ ಸ್ಟೆಪ್ ಇರುವಲ್ಲಿ ಅಡ್ಡಗೋಡೆ ಹಾಕಿ, ಎರಡೂ ಕೋಣೆಗೆ ಒಂದೊಂದು ರಬ್ಬರ್ ಬಿರಡೆ ಇಟ್ಟಿದ್ದಾರೆ. ಪ್ಲಾಸ್ಟಿಕ್ ಪಟ್ಟಿ ಕೂರುವ ಅಂಚುಗಳ ಮೇಲೆ ಈ ಸಲ ಪೆನ್ಸಿಲಿನಲ್ಲಿ "ಉಜ್ಜಬಾರದು" ಎಂದು ಅವರೇ ಬರೆದುಕೊಂಡಿದ್ದಾರೆ.